ಬೆಳಿಗ್ಗೆ ನಾಲ್ಕಕ್ಕೇ ಎದ್ದು ಪ್ರಾರ್ಥನೆ ಮಾಡಬೇಕಾ, ಮಿಸ್?

ಪ್ರಶ್ನೆ: "ಮಿಸ್, ನಾನು ಮಂಡ್ಯದವಳು. ಐದೂವರೆಗೆ ನಲ್ಲಿ ನೀರು ಬರುತ್ತೆ. ಆರಕ್ಕೆ ಒಲೆ ಹಚ್ಚಲೇಬೇಕು. ನಮ್ಮವರಿಗೆ ಬೆಂಗಳೂರು ಟ್ರೈನು, ಮಕ್ಕಳಿಗೆ ಸ್ಕೂಲ್ ವ್ಯಾನು. ಪ್ರಾರ್ಥನೆಗೆ ಟೈಮೇ ಸಿಗಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಾಡಿದ ಪ್ರಾರ್ಥನೆಗೇ ಫಲ, ಆಗ ಪರಲೋಕದ ಬಾಗಿಲು ತೆರೆದಿರುತ್ತೆ ಅಂತ ಪ್ರೇಯರ್ ಗ್ರೂಪಿನಲ್ಲಿ ಹೇಳ್ತಾರೆ. ಸ್ವಲ್ಪ ದಿನ ಎದ್ದೆ, ಆಮೇಲೆ ಆಗಲಿಲ್ಲ. ದೇವರಿಗೆ ನನ್ನ ಮೇಲೆ ಬೇಜಾರಾಗಿರುತ್ತಾ?"

ಉತ್ತರ: ಆಗಿರಲ್ಲಮ್ಮ. ನಿನ್ನ ಕೊನೇ ಪ್ರಶ್ನೆಗೆ ಇಷ್ಟೇ ಉತ್ತರ. ಉಳಿದದ್ದಕ್ಕೆ ಸ್ವಲ್ಪ ಕೂತು ಓದಬೇಕು, ಹಾಲು ಒಲೆ ಮೇಲಿದ್ದರೆ ಮೊದಲು ಇಳಿಸಿ ಬಾ.

ಈ ಪ್ರಶ್ನೆಗೆ ಸಂಡೇ ಸ್ಕೂಲಿನಲ್ಲಿ ಉತ್ತರ ಹೇಳಿದ್ದೇನೆ, ಹೆಂಗಸರ ಕೂಟದಲ್ಲಿ ಹೇಳಿದ್ದೇನೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಹೇಳಿದ್ದೇನೆ. ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುತ್ತಾ ನಿಂತಿದ್ದಾಗಲೂ ಹೇಳಿದ್ದೇನೆ. ಪ್ರತಿ ಸಲವೂ ತಲೆಯಾಡಿಸುತ್ತಾರೆ, ಮುಂದಿನ ವಾರ ಅದನ್ನೇ ತಿರುಗಿ ಕೇಳುತ್ತಾರೆ. ಆದ್ದರಿಂದ ಈ ಸಲ ಬರೆದೇ ಇಡುತ್ತಿದ್ದೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ಕೈಗೆ ಕೊಡುವುದು.

ಟೈಮು ಹೊಂದಿಸುವುದು ಹೇಗೆ ಅನ್ನುವುದಕ್ಕೆ ಮುಂಚೆ ಆ ನಾಲ್ಕು ಗಂಟೆಯನ್ನು ನಿನ್ನ ಹೆಗಲಿಂದ ಇಳಿಸಬೇಕು. ಅದು ಅಲ್ಲಿ ಕೂತಿರುವ ತನಕ ನಾನು ಏನು ಹೇಳಿದರೂ ಪ್ರಯೋಜನ ಇಲ್ಲ.

ನಾಲ್ಕು ಗಂಟೆಯವರು ಮೊದಲು ತೆಗೆಯುವ ವಚನ ಬೈಬಲಿನ ಮಾರ್ಕನ ಸುವಾರ್ತೆ 1:35. ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು, ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥಿಸಿದ್ದು. ಸರಿ, ಇದೆ. ಆದರೆ ಅದರ ಹಿಂದಿನ ಹದಿನೈದು ವಚನ ಓದಿದವರು ಎಷ್ಟು ಜನ? ಹಿಂದಿನ ದಿನ ಸಬ್ಬತ್ತು, ಅಂದರೆ ಯೆಹೂದ್ಯರ ವಿಶ್ರಾಂತಿ ದಿನ. ಊರು ಕಪೆರ್ನೌಮ್. ಸಭಾಮಂದಿರದಲ್ಲಿ ಬೋಧನೆ ಆಯಿತು, ಅಲ್ಲೇ ದೆವ್ವ ಹಿಡಿದವನೊಬ್ಬನ ಕೂಗಾಟ ಆಯಿತು. ಅಲ್ಲಿಂದ ಸೀಮೋನನ, ಅಂದರೆ ಪೇತ್ರನ, ಮನೆಗೆ ಬಂದರೆ ಅವನ ಅತ್ತೆ ಜ್ವರದಲ್ಲಿ ಮಲಗಿದ್ದಾಳೆ. ಆಕೆ ವಾಸಿಯಾಗಿ ಎದ್ದು ಉಪಚಾರಕ್ಕೆ ನಿಂತಳು. ಹೊತ್ತು ಮುಳುಗಿತೋ ಇಲ್ಲವೋ, ಊರಿಗೆ ಊರೇ ಬಾಗಿಲಿಗೆ ಬಂತು. ಎಲ್ಲ ಮುಗಿಯುವ ಹೊತ್ತಿಗೆ ಎಷ್ಟು ರಾತ್ರಿಯಾಗಿತ್ತೋ. ಮರುದಿನ ಬೆಳಕು ಹರಿದ ಮೇಲೆ ಏನಾಗುತ್ತಿತ್ತು ಅನ್ನುವುದನ್ನು 37ನೇ ವಚನ ಹೇಳುತ್ತದೆ. ಸೀಮೋನನೂ ಜೊತೆಯವರೂ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನೇ ಹುಡುಕುತ್ತಿದ್ದಾರೆ ಅಂದರು.

ಅಂದರೆ ಆತನಿಗೆ ಒಬ್ಬನೇ ಇರುವುದಕ್ಕೆ ಉಳಿದಿದ್ದ ಹೊತ್ತು ಅದೊಂದೇ. ಉಳಿದಿದ್ದ ಹೊತ್ತನ್ನು ಆತ ತೆಗೆದುಕೊಂಡ. ಆ ಗಳಿಗೆಗೆ ವಿಶೇಷ ಶಕ್ತಿ ಇದೆ ಅಂತ ಮಾರ್ಕ ಎಲ್ಲಿ ಬರೆದಿದ್ದಾನೆ? ದಿನವೂ ಹಾಗೇ ಮಾಡುತ್ತಿದ್ದ ಅಂತಲೂ ಬರೆದಿಲ್ಲ. ಅದು ಒಂದು ದಿನದ ಸಂಗತಿ. ಇನ್ನೊಂದು ನೋಡಿ. ಆ ಹೊತ್ತಿನಲ್ಲಿ ಪೇತ್ರ ಎಲ್ಲಿದ್ದ? ಆತ ಹೋದದ್ದು ಇವರಿಗೆ ಗೊತ್ತೇ ಆಗಲಿಲ್ಲ, ಆಮೇಲೆ ಹುಡುಕಬೇಕಾಯಿತು. ಮಲಗಿರಬೇಕು, ಮತ್ತೇನು. ನೀವ್ಯಾಕೆ ನಾಲ್ಕಕ್ಕೆ ಏಳಲಿಲ್ಲ ಅಂತ ಯೇಸು ಒಂದು ಮಾತು ಬೈದಿಲ್ಲ. ಬನ್ನಿ, ಪಕ್ಕದ ಊರುಗಳಿಗೆ ಹೋಗೋಣ ಅಂದ, ಹೊರಟರು.

ಅದೇ ಯೇಸು ಬೇರೆ ಹೊತ್ತಿನಲ್ಲಿ ಪ್ರಾರ್ಥಿಸಿದ್ದನ್ನು ಇವರು ಯಾಕೆ ಓದುವುದಿಲ್ಲವೋ ನನಗೆ ಗೊತ್ತಿಲ್ಲ. ಹನ್ನೆರಡು ಮಂದಿ ಶಿಷ್ಯರನ್ನು ಆರಿಸುವ ಮುಂಚೆ ಇಡೀ ರಾತ್ರಿ ಬೆಟ್ಟದ ಮೇಲೆ, ಲೂಕ 6:12. ಐದು ಸಾವಿರ ಜನರಿಗೆ ಊಟ ಆದ ಮೇಲೆ ಸಂಜೆ, ಮಾರ್ಕ 6. ಗೆತ್ಸೆಮನೆಯಲ್ಲಿ ರಾತ್ರಿ ಊಟ ಮುಗಿಸಿ ಹೋದ ಮೇಲೆ. ಶಿಲುಬೆಯ ಮೇಲಿಂದ ತಂದೆಯನ್ನು ಕೂಗಿದ್ದು ಮಧ್ಯಾಹ್ನ ಮೂರರ ಹೊತ್ತಿಗೆ. ಇವುಗಳಲ್ಲಿ ಯಾವುದಕ್ಕೆ ಫಲ ಕಡಿಮೆ ಅಂತ ಹೇಳುವ ಧೈರ್ಯ ಇದೆ?

ಬೇರೆಯವರದ್ದೂ ಹಾಗೇ. ದಾನಿಯೇಲ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ಇಸಾಕ ಸಂಜೆ ಹೊತ್ತು ಹೊಲದ ಕಡೆ ಹೋಗಿ ಧ್ಯಾನ ಮಾಡುತ್ತಿದ್ದ. ಪೌಲ ಸೀಲರು ಜೈಲಿನಲ್ಲಿ ಹಾಡಿದ್ದು ಮಧ್ಯರಾತ್ರಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಪೊಸ್ತಲರ ಕೃತ್ಯಗಳ 10ನೇ ಅಧ್ಯಾಯ. ಯೊಪ್ಪ ಊರಿನಲ್ಲಿ ಪೇತ್ರ ಪ್ರಾರ್ಥನೆಗೆ ಮಹಡಿ ಹತ್ತಿದ್ದು ನಡು ಮಧ್ಯಾಹ್ನ. ಹೊಟ್ಟೆ ಬೇರೆ ಹಸಿದಿತ್ತು, ಅಡುಗೆ ಇನ್ನೂ ಆಗುತ್ತಿತ್ತು. ಆ ಪ್ರಾರ್ಥನೆಯಲ್ಲಿ ಅವನಿಗೆ ಕಂಡ ದರ್ಶನದಿಂದಲೇ ಯೆಹೂದ್ಯರಲ್ಲದವರಿಗೆ ಕ್ರೈಸ್ತ ಸಭೆಯ ಬಾಗಿಲು ತೆರೆಯಿತು. ಅವನನ್ನು ಕರೆಸಿದ ರೋಮನ್ ಶತಾಧಿಪತಿ ಕೊರ್ನೇಲ್ಯ ಪ್ರಾರ್ಥನೆಯಲ್ಲಿದ್ದದ್ದು ಮಧ್ಯಾಹ್ನ ಮೂರಕ್ಕೆ. ಮೈಸೂರು, ಮಂಡ್ಯದಲ್ಲಿ ಕೂತು ನಾವು ಇವತ್ತು ಕ್ರೈಸ್ತರು ಅನ್ನಿಸಿಕೊಂಡಿರುವುದರ ಹಿಂದೆ ಊಟಕ್ಕೆ ಕಾಯುತ್ತಾ ಮಾಡಿದ ಒಂದು ಮಧ್ಯಾಹ್ನದ ಪ್ರಾರ್ಥನೆ ಇದೆ. ನಾಲ್ಕು ಗಂಟೆಯವರಿಗೆ ಇದನ್ನು ಹೇಳಿದರೆ ಮಾತು ಬೇರೆ ಕಡೆ ತಿರುಗಿಸುತ್ತಾರೆ.

ತಿರುಗಿಸಿ ಎಲ್ಲಿಗೆ ಬರುತ್ತಾರೆ ಅಂದರೆ, ನಾಲ್ಕನೇ ಜಾವಕ್ಕೆ. ಯೂಟ್ಯೂಬಿನಲ್ಲಿ ಈಗ ಇದರದ್ದೇ ಭರಾಟೆ. ರೋಮನರ ಲೆಕ್ಕದಲ್ಲಿ ರಾತ್ರಿಗೆ ನಾಲ್ಕು ಜಾವ, ಕೊನೆಯದು ಹೆಚ್ಚುಕಡಿಮೆ ಮೂರರಿಂದ ಆರು. ಆ ಜಾವದಲ್ಲೇ ಯೇಸು ನೀರಿನ ಮೇಲೆ ನಡೆದು ಶಿಷ್ಯರ ಹತ್ತಿರ ಬಂದ, ಮತ್ತಾಯ 14:25, ಆದ್ದರಿಂದ ಆಗ ಎದ್ದವರಿಗೇ ಅದ್ಭುತ ಅನ್ನುತ್ತಾರೆ. ಅಯ್ಯಾ, ಆ ಜಾವದಲ್ಲಿ ಶಿಷ್ಯರು ಏನು ಮಾಡುತ್ತಿದ್ದರು? ಪ್ರಾರ್ಥನೆಗೆ ಕೂತಿರಲಿಲ್ಲ. ಎದುರು ಗಾಳಿಯಲ್ಲಿ ಹುಟ್ಟು ಹಾಕುತ್ತಾ ಒದ್ದಾಡುತ್ತಿದ್ದರು. ನೈಟ್ ಶಿಫ್ಟು. ಕೆಲಸದ ಮಧ್ಯೆ ಇದ್ದವರ ಹತ್ತಿರ ಆತನೇ ನಡೆದು ಬಂದ. ಈ ಭಾಗದಿಂದ ಏನಾದರೂ ಕಲಿಯುವುದಿದ್ದರೆ ಕೆ.ಆರ್. ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡುವ ನರ್ಸು ಕಲಿಯಬೇಕು, ಆಲೆಮನೆಯಲ್ಲಿ ನಡುರಾತ್ರಿ ಕೊಪ್ಪರಿಗೆ ಮುಂದೆ ನಿಂತವನು ಕಲಿಯಬೇಕು. ತ್ರೀ ಫೇಸ್ ಕರೆಂಟು ರಾತ್ರಿಯೇ ಬರುತ್ತೆ ಅಂತ ಕಬ್ಬಿನ ಗದ್ದೆಗೆ ಮೋಟಾರ್ ಹಾಕಲು ಟಾರ್ಚ್ ಹಿಡಿದು ಹೋದವನು ಕಲಿಯಬೇಕು.

ಇನ್ನು ಆ ಪರಲೋಕದ ಬಾಗಿಲು. ಮೈಸೂರಿನಲ್ಲಿ ನಾಲ್ಕು ಗಂಟೆ ಆದಾಗ ದುಬೈನಲ್ಲಿ ಎರಡೂವರೆ. ನಮ್ಮ ಸಭೆಗಳ ಮಕ್ಕಳು ಎಷ್ಟೋ ಜನ ಅಲ್ಲಿದ್ದಾರೆ. ಬಾಗಿಲು ತೆರೆಯುವುದು ನಮ್ಮ ಗಡಿಯಾರದ ಪ್ರಕಾರವೋ ಅವರ ಗಡಿಯಾರದ ಪ್ರಕಾರವೋ? ಅಮ್ಮ ಸರಸ್ವತಿಪುರಂನಲ್ಲಿ, ಮಗಳು ಶಾರ್ಜಾದಲ್ಲಿ ಇದ್ದರೆ ಇಬ್ಬರಲ್ಲಿ ಯಾರ ಪ್ರಾರ್ಥನೆ ಒಳಗೆ ಹೋಗುತ್ತೆ? ನಾಲ್ಕಕ್ಕೆ ಶಟರ್ ಎತ್ತಿ ಐದಕ್ಕೆ ಸ್ಟಾಕ್ ಮುಗೀತು ಅನ್ನೋಕೆ ದೇವರೇನು ರೇಷನ್ ಅಂಗಡಿ ಇಟ್ಟಿದ್ದಾನಾ? ಇಸ್ರಾಯೇಲನ್ನು ಕಾಯುವಾತ ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಅಂತ ಬೈಬಲಿನ 121ನೇ ಕೀರ್ತನೆಯನ್ನು ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ್ದು ಬಹುಮಾನದ ಪೆನ್ಸಿಲ್ ಬಾಕ್ಸಿಗಲ್ಲ.

ಈ ನಂಬಿಕೆ ಎಲ್ಲಿಂದ ಬಂತು ಅಂದರೆ, ಒಂದು ಪಾಲು ನಮ್ಮ ಸುತ್ತಲಿನ ಗಾಳಿಯಿಂದ. ಸೂರ್ಯ ಹುಟ್ಟುವುದಕ್ಕೆ 96 ನಿಮಿಷ ಮುಂಚೆ ಶುರುವಾಗಿ 48 ನಿಮಿಷ ಇರುವ ಬ್ರಾಹ್ಮೀ ಮುಹೂರ್ತದ ವಿಚಾರ ಇಲ್ಲಿ ಯಾರ ಮನೆಯಲ್ಲಿ ಗೊತ್ತಿಲ್ಲ? ಅದು ಅವರ ಶಾಸ್ತ್ರ, ಅದಕ್ಕೆ ಅದರದ್ದೇ ಕಾರಣಗಳಿವೆ, ನನ್ನದೇನೂ ತಕರಾರಿಲ್ಲ. ಆದರೆ ಅದನ್ನೇ ತಂದು ಸತ್ಯವೇದದ, ಅಂದರೆ ಬೈಬಲಿನ, ರಟ್ಟು ಹಾಕಿ ನಮ್ಮದು ಅಂತ ಬೋಧಿಸಬಾರದು.

ಇನ್ನೊಂದು ಪಾಲು ನಮ್ಮ ಹಿರಿಯರಿಂದಲೇ ಬಂದದ್ದು. ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನ್ನಿನವರ ಮೂಲಪುರುಷ ಜಾನ್ ವೆಸ್ಲಿ ನಾಲ್ಕಕ್ಕೆ ಏಳುತ್ತಿದ್ದ, ಐದಕ್ಕೆ ಪ್ರಸಂಗ, ಅಂದರೆ ಧರ್ಮಬೋಧೆ, ಮಾಡುತ್ತಿದ್ದ. ಇದು ನಿಜ, ಇದನ್ನು ಎಲ್ಲರೂ ಹೇಳುತ್ತಾರೆ. ಆತ ರಾತ್ರಿ ಹತ್ತರೊಳಗೆ ಮಲಗುತ್ತಿದ್ದ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಅಷ್ಟೇ ಅಲ್ಲ, ಆರೋಗ್ಯವಂತ ಗಂಡಸಿಗೆ ಆರು ಗಂಟೆಗಿಂತ ತುಸು ಹೆಚ್ಚು, ಹೆಂಗಸಿಗೆ ಏಳು ಗಂಟೆಗಿಂತ ತುಸು ಹೆಚ್ಚು ನಿದ್ದೆ ಬೇಕು ಅಂತ ಆತನೇ ತನ್ನ ಪ್ರಸಂಗದಲ್ಲಿ ಹೇಳಿದ್ದಾನೆ. ಹೆಂಗಸಿಗೆ ಒಂದು ಗಂಟೆ ಜಾಸ್ತಿ! ಇದನ್ನು ಹೆಂಗಸರ ಕೂಟದಲ್ಲಿ ಓದಿದಾಗ ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಈಗ ನೀನೇ ಲೆಕ್ಕ ಹಾಕು. ನಾಲ್ಕಕ್ಕೆ ಏಳಬೇಕು, ಏಳು ಗಂಟೆ ನಿದ್ದೆ ಆಗಬೇಕು ಅಂದರೆ ಒಂಬತ್ತಕ್ಕೆ ಮಲಗಬೇಕು. ಒಂಬತ್ತಕ್ಕೆ ನಿಮ್ಮ ಮನೆಯಲ್ಲಿ ಮುದ್ದೆ ಕಟ್ಟಿ ಮುಗಿದಿರುತ್ತಾ? ಊಟ ಆಗಿ, ಪಾತ್ರೆ ತೊಳೆದು, ನಾಳೆಗೆ ಕಾಳು ನೆನೆಹಾಕಿ, ಯೂನಿಫಾರಂ ಇಸ್ತ್ರಿ ಮಾಡಿ ಮಲಗುವ ಹೊತ್ತಿಗೆ ಹನ್ನೊಂದು. ಐದೇ ಗಂಟೆ ನಿದ್ದೆ ಮಾಡಿ ತೂಕಡಿಸುತ್ತಾ ಕೂರುವುದಕ್ಕೆ ವೆಸ್ಲಿಯ ಹೆಸರು ಯಾಕೆ ಬೇಕು?

ಸನ್ಯಾಸಿಗಳನ್ನಾದರೂ ನೋಡು. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಮಠಗಳಿಗೆ ನಿಯಮ ಬರೆದಾಗ ಚಳಿಗಾಲದಲ್ಲಿ ರಾತ್ರಿಯ ಎಂಟನೇ ಗಂಟೆಗೆ ಏಳಬೇಕು ಅಂದರು. ನಮ್ಮ ಲೆಕ್ಕಕ್ಕೆ ಅದು ಸುಮಾರು ಎರಡು ಗಂಟೆ. ಕಾರಣವನ್ನೂ ಬರೆದರು: ಅಷ್ಟು ಹೊತ್ತಿಗೆ ಮಧ್ಯರಾತ್ರಿ ದಾಟಿ ನಿದ್ದೆ ಆಗಿರುತ್ತದೆ, ಉಂಡದ್ದು ಅರಗಿರುತ್ತದೆ. ಕತ್ತಲಾಗುತ್ತಲೇ ಮಲಗುವವರಿಗೆ ಬರೆದ ನಿಯಮ ಅದು. ಅವರಿಗೆ ಸ್ಕೂಲ್ ವ್ಯಾನು ಇರಲಿಲ್ಲ.

ಇಷ್ಟಾದರೂ ಒಪ್ಪದವರಿಗೆ 127ನೇ ಕೀರ್ತನೆಯ ಎರಡನೇ ವಚನ ತೋರಿಸುತ್ತೇನೆ. ಬೇಗ ಏಳುವುದೂ ತಡವಾಗಿ ಮಲಗುವುದೂ ಬೆವರು ಸುರಿಸಿ ಉಣ್ಣುವುದೂ ವ್ಯರ್ಥ, ದೇವರು ತನ್ನ ಪ್ರಿಯರಿಗೆ ನಿದ್ರೆ ಕೊಡುತ್ತಾನೆ ಅನ್ನುವ ಅರ್ಥದ ವಚನ. ಪ್ರವಾದಿ ಎಲೀಯ ಸೋತು ಸತ್ತರೆ ಸಾಕು ಅಂತ ಅಡವಿಯಲ್ಲಿ ಬಿದ್ದುಕೊಂಡಾಗ ದೇವದೂತ ಬಂದು ಪ್ರಾರ್ಥನೆ ಮಾಡು ಅನ್ನಲಿಲ್ಲ. ಎಬ್ಬಿಸಿ ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಆಮೇಲೆ ಇನ್ನೊಂದು ಸಲ ಎಬ್ಬಿಸಿ ತಿನ್ನಿಸಿದ. ಪೂರ್ವಕಾಲವೃತ್ತಾಂತ ಅಲ್ಲ, ಅರಸುಗಳು ಮೊದಲ ಪುಸ್ತಕ, 19ನೇ ಅಧ್ಯಾಯ. ಸಂಡೇ ಸ್ಕೂಲಿನಲ್ಲಿ ಇದನ್ನು ತಪ್ಪು ಹೇಳುವವರು ಇನ್ನೂ ಇದ್ದಾರೆ.

ಹಾಗಾದರೆ ಬೆಳಿಗ್ಗೆ ಅನ್ನುವುದಕ್ಕೆ ಬೆಲೆಯೇ ಇಲ್ಲವಾ ಅಂತ ಯಾರಾದರೂ ಕೇಳಬಹುದು. ಇದೆ, ಬೇಕಾದಷ್ಟಿದೆ. 5ನೇ ಕೀರ್ತನೆಯವನು ಬೆಳಿಗ್ಗೆಯೇ ತನ್ನ ಮೊರೆ ಇಟ್ಟು ಎದುರು ನೋಡುತ್ತಾನೆ. ದೇವರ ಕರುಣೆ ದಿನಾ ಬೆಳಿಗ್ಗೆ ಹೊಸದು ಅಂತ ಪ್ರಲಾಪಗಳ ಪುಸ್ತಕ ಹೇಳುವುದು ಊರೇ ಹಾಳಾಗಿ ಬಿದ್ದಿರುವಾಗ. ಸಮಾಧಿ ಖಾಲಿ ಇರುವುದನ್ನು ಹೆಂಗಸರು ಕಂಡದ್ದು ಮುಂಜಾನೆ, ಮಾರ್ಕ ಬರೆದ ಹಾಗೆ ಸೂರ್ಯ ಹುಟ್ಟಿದ ಮೇಲೆ. ಅವರೂ ಹೋದದ್ದು ಕೆಲಸಕ್ಕೇ, ಸುಗಂಧದ್ರವ್ಯ ಹಚ್ಚುವುದಕ್ಕೆ. ಕಥೋಲಿಕರಲ್ಲಿ ಎರಡನೇ ವತಿಕಾನ್ ಮಹಾಸಭೆ 1963ರಲ್ಲಿ ಮುಂಜಾನೆಯ ಪ್ರಾರ್ಥನೆ, ಸಂಜೆಯ ಪ್ರಾರ್ಥನೆ ಎರಡನ್ನೂ ದಿನದ ಎರಡು ತಿರುಗಣಿಗಳು ಅಂತ ಕರೆಯಿತು. ಆದರೆ ಗುರುಗಳಿಗೆ ಅದು ಕಡ್ಡಾಯ, ಸಂಸಾರಸ್ಥರಿಗೆ ಬರೀ ಆಹ್ವಾನ. ನನಗೆ ಗೊತ್ತಿರುವ ಯಾವ ಸಭೆಯೂ ಸಂಸಾರಸ್ಥರಿಗೆ ಇಷ್ಟು ಗಂಟೆಗೆ ಅಂತ ಕಟ್ಟುಪಾಡು ಹಾಕಿಲ್ಲ.

ಬೆಳಿಗ್ಗೆ ಅಂದರೆ ನೀನು ಎದ್ದ ಹೊತ್ತು, ಅಷ್ಟೇ. ನಾನು ಇಷ್ಟು ವರ್ಷ ಹೇಳುತ್ತಾ ಬಂದಿರುವುದು ಇದೊಂದನ್ನೇ. ದಿನದ ಮೊದಲನೇ ಮಾತು ದೇವರ ಜೊತೆ ಇರಲಿ, ಅದು ಐದಕ್ಕಿರಲಿ, ಏಳಕ್ಕಿರಲಿ, ಪಾಳಿ ಮುಗಿಸಿ ಮಲಗಿ ಮಧ್ಯಾಹ್ನ ಎರಡಕ್ಕೆ ಎದ್ದಾಗಲಾದರೂ ಇರಲಿ. ಮೈಶುಗರ್ ಸಕ್ಕರೆ ಕಾರ್ಖಾನೆ 1933ರಲ್ಲಿ ಶುರುವಾದಾಗಿನಿಂದ ಮಂಡ್ಯದವರಿಗೆ ಶಿಫ್ಟು ಅನ್ನುವುದು ಹೊಸದಲ್ಲ. ಈಗ ಹೆಬ್ಬಾಳ, ಕೂರ್ಗಳ್ಳಿ, ನಂಜನಗೂಡಿನ ಫ್ಯಾಕ್ಟರಿ ಬಸ್ಸು ಹತ್ತುವ ಹುಡುಗರಿಗೆ ಒಂದು ವಾರ ಇದ್ದ ಬೆಳಿಗ್ಗೆ ಇನ್ನೊಂದು ವಾರ ಇರುವುದಿಲ್ಲ. ಅವರನ್ನು ಪ್ರಾರ್ಥನೆಯಿಂದ ಹೊರಗಿಡಲು ನಾವು ಯಾರು?

ಈಗ ಟೈಮಿನ ವಿಚಾರ. ಇದು ಬೇಗ ಮುಗಿಯುತ್ತದೆ, ಯಾಕೆಂದರೆ ಇದರಲ್ಲಿ ಗುಟ್ಟೇನಿಲ್ಲ.

ಬೆಳಗಿನ ಪ್ರಾರ್ಥನೆ ನಿರ್ಧಾರವಾಗುವುದು ರಾತ್ರಿ. ನಾಳೆ ಯಾವ ಕೀರ್ತನೆ ಅಂತ ಮಲಗುವ ಮುಂಚೆಯೇ ಗುರುತು ಇಟ್ಟಿರು. ಬೆಳಿಗ್ಗೆ ಎದ್ದು ಎಲ್ಲಿ ಓದಲಿ ಅಂತ ಪುಟ ತಿರುಗಿಸುವಷ್ಟರಲ್ಲಿ ನಲ್ಲಿ ನೀರು ನಿಂತಿರುತ್ತದೆ. ಮೊಬೈಲನ್ನು ತಲೆದಿಂಬಿನ ಹತ್ತಿರ ಇಡಬೇಡ, ಹಾಲ್‌ನಲ್ಲಿ ಚಾರ್ಜಿಗೆ ಹಾಕು. ಅಲಾರಂಗೆ ನೂರೈವತ್ತು ಇನ್ನೂರು ರೂಪಾಯಿಯ ಗಡಿಯಾರ ಸಾಕು. ಬೈಬಲ್ ಆ್ಯಪ್ ಇದೆಯಲ್ಲ ಮಿಸ್ ಅನ್ನುತ್ತೀರಿ. ಇದೆ. ಆ್ಯಪ್ ತೆರೆಯಲು ಹೋದವರು ಸ್ಟೇಟಸ್ ನೋಡಿ, ನಾದಿನಿ ಹಾಕಿದ ಫೋಟೋಗೆ ಹಾರ್ಟ್ ಒತ್ತಿ, ಚಿನ್ನದ ರೇಟು ನೋಡಿ ಹೊರಗೆ ಬರುವುದನ್ನು ನಾನು ನೋಡಿದ್ದೇನೆ.

ಎಷ್ಟು ಹೊತ್ತು? ಹತ್ತು ನಿಮಿಷ ಸಿಕ್ಕರೆ ಚೆನ್ನ, ಐದು ಸಿಕ್ಕರೂ ಆಯಿತು. ಪ್ರಾಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಮನೆಯವರಿಗೆ ಅಂತ ಬರೆದ ಚಿಕ್ಕ ಪ್ರಶ್ನೋತ್ತರದಲ್ಲಿ ಬೆಳಗಿನ ಕ್ರಮ ಇಷ್ಟೇ: ಎದ್ದ ಕೂಡಲೇ ಶಿಲುಬೆಯ ಗುರುತು, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ಬೇಕಾದರೆ ಒಂದು ಪುಟ್ಟ ಪ್ರಾರ್ಥನೆ. ಆಮೇಲೆ ಒಂದು ಹಾಡು ಹೇಳಿಕೊಂಡು ಸಂತೋಷವಾಗಿ ಕೆಲಸಕ್ಕೆ ಹೋಗು. ರಾತ್ರಿಗೂ ಹೀಗೇ ಹೇಳಿ ಕೊನೆಗೆ, ತಕ್ಷಣ ನೆಮ್ಮದಿಯಾಗಿ ಮಲಗು ಅಂತಾನೆ. ತಕ್ಷಣ! ಎಲ್ಲ ಸೇರಿ ನಾಲ್ಕೈದು ನಿಮಿಷದ ಕೆಲಸ. ಸಭೆಯನ್ನೇ ಅಲುಗಾಡಿಸಿದ ಮನುಷ್ಯ ಅಡುಗೆಯವರಿಗೂ ಆಳುಗಳಿಗೂ ಕೇಳಿದ್ದು ಇಷ್ಟನ್ನೇ.

ಓದುವುದಕ್ಕೆ ಕೀರ್ತನೆಗಳೇ ವಾಸಿ. ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಿ 150 ಕೀರ್ತನೆಗಳನ್ನು ತಿಂಗಳ 30 ದಿನಕ್ಕೆ, ಬೆಳಿಗ್ಗೆಗಿಷ್ಟು ಸಂಜೆಗಿಷ್ಟು ಅಂತ ಹಂಚಿದ್ದಾರೆ. ಮೊದಲ ದಿನ ಬೆಳಿಗ್ಗೆಯೇ ಐದು ಕೀರ್ತನೆ ಬರುತ್ತದೆ, ಅದು ನಿನ್ನಿಂದ ಆಗದ ಮಾತು. ದಿನಕ್ಕೊಂದು ಓದು. 3ನೆಯದು ಎದ್ದ ತಕ್ಷಣ ಓದಲು ಹೇಳಿ ಮಾಡಿಸಿದ್ದು: ಮಲಗಿ ನಿದ್ದೆ ಮಾಡಿದೆ, ಎಚ್ಚರವಾಯಿತು, ಕರ್ತನೇ ಕಾಪಾಡಿದ ಅನ್ನುತ್ತದೆ. 119ನೆಯದು ಬಂದ ದಿನ ಹೆದರಬೇಡ, 176 ವಚನ ಇದೆ, ಎಂಟೆಂಟು ವಚನದ 22 ತುಂಡು ಮಾಡಿಕೋ. ಮಗುವಿಗೆ ಜ್ವರ, ಗ್ಯಾಸ್ ಖಾಲಿ, ಟ್ರೈನು ಮಿಸ್ಸಾಗುತ್ತೆ ಅನ್ನುವ ದಿನಕ್ಕೆ 117 ಇದೆ. ಎರಡೇ ವಚನ. ಅದೂ ದೇವರ ವಾಕ್ಯವೇ, ಕನ್ಸೆಷನ್ ಟಿಕೆಟ್ ಅಲ್ಲ.

ಕೂರುವುದಕ್ಕೇ ಆಗದವರು ಕೈ ಕೆಲಸಕ್ಕೆ ಪ್ರಾರ್ಥನೆಯನ್ನು ಜೋಡಿಸಬೇಕು. ಶ್ರೀರಂಗಪಟ್ಟಣದ ಹತ್ತಿರ ಪಾಲಹಳ್ಳಿ ಕಡೆ ಹಳೇ ಕಥೋಲಿಕ ಮನೆತನಗಳಿವೆ. ಅಲ್ಲಿ ಒಬ್ಬ ಅಜ್ಜಿಯನ್ನು ನೋಡಿದ್ದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕುವ ಅವಸರ. ಕರು ಬಿಟ್ಟು, ಎಳೆದು ಕಟ್ಟಿ, ಕೆಚ್ಚಲು ತೊಳೆದು, ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕುಕ್ಕರಗಾಲಲ್ಲಿ ಕೂತಳು. ಹಣೆ ಹಸುವಿನ ಪಕ್ಕೆಗೆ ಆನಿಸಿತ್ತು. ಖಾಲಿ ಪಾತ್ರೆಯ ತಳಕ್ಕೆ ಮೊದಲ ಧಾರೆ ಚುರ್ ಅಂತ ಬಿದ್ದ ಕೂಡಲೇ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಶುರು. ಅದು ಮುಗಿದು 'ನಮೋ ಮರಿಯಾ' ಒಂದಾದ ಮೇಲೊಂದು, ಎರಡೂ ಕೈಯ ಲಯಕ್ಕೆ ಸರಿಯಾಗಿ. ಪಾತ್ರೆ ತುಂಬುತ್ತಾ ಸದ್ದು ಮೆತ್ತಗಾಗುತ್ತಿತ್ತು, ಅಜ್ಜಿಯ ದನಿಯೂ ಇಳಿಯುತ್ತಿತ್ತು. ನಡುವೆ ಹಸು ಕಾಲೆತ್ತಿದರೆ 'ಏಯ್, ನಿಂತ್ಕೋ' ಅಂತ ಗದರಿ ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದಳು. ಜಪಸರ ಕೊರಳಲ್ಲಿತ್ತು, ಅದನ್ನು ಹಿಡಿಯಲು ಕೈ ಬಿಡುವಿರಲಿಲ್ಲ. ನಾಲ್ಕು ಮೊಲೆ ಬತ್ತುವ ಹೊತ್ತಿಗೆ ಪ್ರಾರ್ಥನೆಯೂ ಮುಗಿಯಿತು, ಕ್ಯಾನು ಎತ್ತಿಕೊಂಡು ಡೈರಿಗೆ ಹೊರಟಳು.

ನಿನಗೆ ಹಸು ಇಲ್ಲದಿದ್ದರೆ ನಲ್ಲಿ ಇದೆ. ಡ್ರಮ್ಮು ತುಂಬುವವರೆಗೆ ಅಲ್ಲಿ ನಿಲ್ಲಲೇಬೇಕು. ಒಂದು ಚೀಟಿಯಲ್ಲಿ ಆ ದಿನದ ವಚನ ಬರೆದು ನಲ್ಲಿ ಮೇಲಿನ ಗೋಡೆಗೆ ಅಂಟಿಸು. ಟ್ರೈನಿನವರಿಗೂ ಇದೇ ಮಾತು. ಚಾಮುಂಡಿ ಎಕ್ಸ್‌ಪ್ರೆಸ್ಸಿನಲ್ಲಿ ಸೀಟು ಸಿಗಲಿ ಬಿಡಲಿ, ಮದ್ದೂರು ಬರುವ ತನಕ ಕಣ್ಣು ಮುಚ್ಚಿ ನಿಲ್ಲಲು ಯಾರೂ ಅಡ್ಡಿ ಮಾಡುವುದಿಲ್ಲ. ವಡೆ ವಡೆ ಅಂತ ಕೂಗಿದಾಗ ಕಣ್ಣು ಬಿಟ್ಟರಾಯಿತು. ಗಂಡಸರಿಗೆ ಇನ್ನೂ ಒಂದು ಮಾತು. ಹೆಂಡತಿಗೆ ಪ್ರಾರ್ಥನೆಗೆ ಟೈಮಿಲ್ಲ ಅಂದರೆ ಮನೆಯಲ್ಲಿ ಇನ್ನೊಬ್ಬರು ನೀರು ಹಿಡಿಯುತ್ತಿಲ್ಲ ಅಂತ ಅರ್ಥ. ಇದಕ್ಕೆ ಸತ್ಯವೇದ ತೆರೆಯುವ ಅಗತ್ಯ ಇಲ್ಲ.

ಇಲ್ಲಿಗೆ ಉತ್ತರ ಮುಗಿಯಬೇಕಿತ್ತು. ಆದರೆ ಈ ಪ್ರಶ್ನೆಯ ಬಾಲಕ್ಕೆ ಯಾವಾಗಲೂ ಇನ್ನೊಂದು ಅಂಟಿಕೊಂಡೇ ಇರುತ್ತದೆ. ನೀನು ಕೇಳಿಲ್ಲ, ಆದರೂ ನಿನ್ನ ಅತ್ತೆ ಕೇಳುತ್ತಾರೆ. ಕಾಫಿ ಕುಡಿದು ಪ್ರಾರ್ಥನೆ ಮಾಡಬಹುದಾ? ಸ್ನಾನ ಆಗದೆ ಬೈಬಲ್ ಮುಟ್ಟಬಹುದಾ?

ಕಾಫಿಯ ಭಯಕ್ಕೆ ಒಂದು ಚರಿತ್ರೆ ಇದೆ, ಕೇಳು. ಕಥೋಲಿಕರಲ್ಲಿ ಪರಮ ಪ್ರಸಾದ, ಅಂದರೆ ಚರ್ಚಿನ ಪೂಜೆಯಲ್ಲಿ ಕೊಡುವ ರೊಟ್ಟಿ, ಸ್ವೀಕರಿಸುವವರು ಹಿಂದಿನ ಮಧ್ಯರಾತ್ರಿಯಿಂದ ಏನೂ ಮುಟ್ಟಬಾರದಿತ್ತು, ನೀರು ಕೂಡ. ಬೆಳಿಗ್ಗೆ ಪೂಜೆಗೆ ಹೋಗುವ ಮನೆಯಲ್ಲಿ ಒಲೆಯೇ ಹಚ್ಚುತ್ತಿರಲಿಲ್ಲ. 1953ರಲ್ಲಿ ಪೋಪ್ 12ನೇ ಪಯಸ್ ನೀರು ಕುಡಿದರೆ ಉಪವಾಸ ಮುರಿಯುವುದಿಲ್ಲ ಅಂದರು. 1957ರಲ್ಲಿ ಅದು ಮೂರು ಗಂಟೆಯ ಉಪವಾಸಕ್ಕೆ ಇಳಿಯಿತು, 1964ರಲ್ಲಿ 6ನೇ ಪೌಲರು ಒಂದು ಗಂಟೆ ಸಾಕು ಅಂದರು. ಇವತ್ತಿಗೂ ಒಂದು ಗಂಟೆಯೇ, ನೀರಿಗೂ ಔಷಧಿಗೂ ಅಡ್ಡಿ ಇಲ್ಲ. ನಿಯಮ ಇದ್ದದ್ದು ಪ್ರಸಾದಕ್ಕೆ. ಮನೆಯ ಪ್ರಾರ್ಥನೆಗೆ ಎಂದೂ ಇರಲಿಲ್ಲ. ಆದರೆ ಅಜ್ಜಿಯರ ಕಾಲದ ಖಾಲಿ ಹೊಟ್ಟೆ ಮೊಮ್ಮಕ್ಕಳ ಕಾಲಕ್ಕೆ ಬರುವಾಗ ಎಲ್ಲ ಪ್ರಾರ್ಥನೆಗೂ ಹಬ್ಬಿಕೊಂಡಿತು. ಪ್ರಾಟೆಸ್ಟೆಂಟರಾದ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮನೆಗಳಲ್ಲೂ ಇದನ್ನು ಹಿಡಿದುಕೊಂಡವರಿದ್ದಾರೆ, ಅವರಿಗೆ ಆ ನಿಯಮವೇ ಇರಲಿಲ್ಲ! ಕಾಫಿ ಕುಡಿ. ತೂಕಡಿಕೆ ಬರುವವರಂತೂ ಕುಡಿದೇ ಕೂರಬೇಕು.

ಸ್ನಾನಕ್ಕೂ ಪ್ರಾರ್ಥನೆಗೂ ಸಂಬಂಧ ಇಲ್ಲ. ಚೊಕ್ಕಟವಾಗಿರುವುದು ಒಳ್ಳೆಯದು, ಅದು ಬೇರೆ. ಮುಟ್ಟಿನ ದಿನ ಬೈಬಲ್ ಹಿಡಿಯಬಹುದಾ ಅಂತ ಹುಡುಗಿಯರು ಕ್ಲಾಸು ಬಿಟ್ಟ ಮೇಲೆ ನನ್ನ ಕಿವಿಯಲ್ಲಿ ಕೇಳುತ್ತಾರೆ. ಮಾರ್ಕ 5ನೇ ಅಧ್ಯಾಯ ಓದಿ ಅನ್ನುತ್ತೇನೆ. ಹನ್ನೆರಡು ವರ್ಷ ರಕ್ತಸ್ರಾವ ಇದ್ದವಳು ಗುಂಪಿನ ಮಧ್ಯೆ ನುಗ್ಗಿ ಆತನ ಬಟ್ಟೆಯನ್ನೇ ಮುಟ್ಟಿದಳು. ಆತ ಅವಳನ್ನು ಮಗಳೇ ಅಂದ. ಪುಸ್ತಕ ಮುಟ್ಟುವುದಕ್ಕೆ ಇನ್ನು ಯಾರ ಅಪ್ಪಣೆ ಬೇಕು?

ಕೊನೆಯದಾಗಿ ಆ ಪ್ರೇಯರ್ ಗ್ರೂಪಿನವರಿಗೆ. ಜ್ಞಾನೋಕ್ತಿಗಳು 27:14 ಅಂತ ಒಂದು ವಚನ ಇದೆ, ಅದರ ಮೇಲೆ ಯಾರೂ ಪ್ರಸಂಗ ಮಾಡುವುದಿಲ್ಲ. ಮುಂಜಾನೆಯೇ ಎದ್ದು ನೆರೆಯವನನ್ನು ದೊಡ್ಡ ದನಿಯಲ್ಲಿ ಆಶೀರ್ವದಿಸಿದರೆ ಅದು ಶಾಪದ ಲೆಕ್ಕಕ್ಕೆ ಹೋಗುತ್ತದೆ ಅನ್ನುತ್ತದೆ. ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮವೂ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮೈಕು ಬೇಡ ಅನ್ನುತ್ತದೆ. ವಾಟ್ಸ್ಆ್ಯಪ್ ಮೈಕಲ್ಲ, ನಿಜ. ಆದರೆ ನಾಲ್ಕು ಗಂಟೆಗೆ ಗುಲಾಬಿ ಹೂವಿನ ಮೇಲೆ ವಚನ ಬರೆದು ಕಳುಹಿಸಿ, ನಾಲ್ಕೂಕಾಲಿಗೆ ಯಾರು ಯಾರು ಎದ್ದಿದ್ದೀರಿ ಅಂತ ಹಾಜರಿ ತೆಗೆದುಕೊಳ್ಳುವುದು ಯಾವ ಸಭೆಯ ಕ್ರಮ? ಎದ್ದವರು ಸುಮ್ಮನೆ ಪ್ರಾರ್ಥಿಸಿ, ನಮ್ಮ ಹೆಸರನ್ನೂ ಅದರಲ್ಲಿ ಸೇರಿಸಿ, ಉಪಕಾರವಾಗುತ್ತದೆ. ಮಲಗಿದ್ದವರನ್ನು ಮಲಗಲು ಬಿಡಿ. ಹಾಜರಿ ನಿಲ್ಲಿಸುವುದಿಲ್ಲ ಅಂದರೆ, ಮಂಡ್ಯದ ತಾಯಿ, ಗ್ರೂಪನ್ನು ಮ್ಯೂಟ್ ಮಾಡುವುದು ಪಾಪ ಅಲ್ಲ.